ಡೀಸೆಲ್ ಪಿಕಪ್ ನಿಂತಲ್ಲಿಂದ ಎತ್ತುವಾಗ ಜರ್ಕ್: ಕಾಲಿನದ್ದಾ, ಗಾಡಿಯದ್ದಾ?

ಹೊಸಗೇರು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಪೆಟ್ರೋಲ್ ಕಾರು ಓಡಿಸುತ್ತಿದ್ದೆ. ಈಗ ಕೆಲಸಕ್ಕೆಂದು ಮ್ಯಾನುವಲ್ ಗೇರಿನ ಡೀಸೆಲ್ ಪಿಕಪ್ ಕೈಗೆ ಬಂದಿದೆ. ಟರ್ಬೊ ಎಂಜಿನ್, ಐದು ಗೇರು, ಹಿಂದಿನ ಚಕ್ರಗಳಿಗೆ ಡ್ರೈವ್, ಹಿಂದೆ ಲೀಫ್ ಸ್ಪ್ರಿಂಗ್. ಒಮ್ಮೆ ಓಡೋಕೆ ಶುರುವಾದರೆ ಏನೂ ತೊಂದರೆ ಇಲ್ಲ. ನಿಂತಲ್ಲಿಂದ ಎತ್ತುವಾಗಲೇ ಸಮಸ್ಯೆ.

ಕಾರಿನಲ್ಲಿ ಮಾಡುವ ಹಾಗೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಟ್ಟರೆ ಮುಂದಕ್ಕೆ ಹಾರುತ್ತದೆ. ಕ್ಲಚ್ ತುಂಬಾ ನಿಧಾನವಾಗಿ ಬಿಟ್ಟರೆ ಕ್ಯಾಬಿನ್ ಪೂರ್ತಿ ನಡುಗುತ್ತದೆ. ಗಾಡಿ ಹೊರಟ ಮೇಲೆ ಆಕ್ಸಿಲರೇಟರ್ ಮುಟ್ಟಿದ ತಕ್ಷಣ ಹಿಂದಿನಿಂದ ‘ಟಕ್’ ಅಂತ ಸದ್ದು ಬರುತ್ತದೆ. ಖಾಲಿ ಇದ್ದಾಗ ಜಾಸ್ತಿ, ಲೋಡ್ ಇದ್ದಾಗ ಕಡಿಮೆ.

ಎತ್ತುವಾಗ ಎಷ್ಟು ಆಕ್ಸಿಲರೇಟರ್ ಕೊಡಬೇಕು? ಒಂದನೇ ಗೇರು ಬಿಟ್ಟು ಎರಡನೇ ಗೇರಿನಲ್ಲೇ ಎತ್ತಬಹುದಾ? ಗಾಡಿಯಲ್ಲಿ ಏನಾದರೂ ಕೆಟ್ಟಿರಬಹುದಾ? ತಿಳಿದವರು ಹೇಳಿ. ಪಕ್ಕದಲ್ಲಿ ಕೂತವರಿಗೆ ಪ್ರತಿ ಸಲ ತಲೆ ಅಲ್ಲಾಡುವುದು ನೋಡಿದರೆ ನನಗೇ ಬೇಜಾರಾಗುತ್ತದೆ.

ಎಡಗಾಲು

ಬನ್ನಿ ಬನ್ನಿ, ಒಳ್ಳೆಯ ಪ್ರಶ್ನೆ. ಮೊದಲನೆಯದಕ್ಕೆ ನೇರ ಉತ್ತರ: ನೆಲ ಸಮತಟ್ಟಾಗಿದ್ದು ಗಾಡಿ ಖಾಲಿ ಇದ್ದರೆ ಆಕ್ಸಿಲರೇಟರ್ ಬೇಕಾಗೇ ಇಲ್ಲ. ಬಲಗಾಲನ್ನು ಪಕ್ಕಕ್ಕೆ ಇಡಿ. ಗಾಡಿ ಎತ್ತುವುದು ಎಡಗಾಲಿನ ಕೆಲಸ. ಗಾಡಿ ಹೊರಟ ಮೇಲೆ ವೇಗ ಕೊಡುವುದು ಬಲಗಾಲಿನ ಕೆಲಸ. ಪೆಟ್ರೋಲ್ ಕಾರಿನಿಂದ ಬಂದವರು ಈ ಎರಡನ್ನೂ ಒಟ್ಟಿಗೆ ಮಾಡುತ್ತಾರೆ. ಜರ್ಕ್ ಹುಟ್ಟುವುದು ಅಲ್ಲೇ.

ಯಾಕೆ ಅಂತ ಹೇಳುತ್ತೇನೆ. ಡೀಸೆಲ್ ಎಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಮುಟ್ಟದಿದ್ದಾಗ, ಸುಮಾರು 750ರಿಂದ 850 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗುತ್ತಿರುತ್ತದೆ. ಕ್ಲಚ್ ಹಿಡಿಯೋಕೆ ಶುರುವಾದಾಗ ಎಂಜಿನ್ ಮೇಲೆ ಭಾರ ಬಿದ್ದು ಈ ವೇಗ ಸ್ವಲ್ಪ ಕುಸಿಯುತ್ತದೆ. ಅದನ್ನು ಗಮನಿಸಿದ ತಕ್ಷಣ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಾನಾಗೇ ಡೀಸೆಲ್ ಜಾಸ್ತಿ ಮಾಡಿ ಐಡಲ್ ವೇಗವನ್ನು ಮೇಲೆತ್ತುತ್ತದೆ. ಇಸಿಯು ಇಲ್ಲದ ಹಳೇ ಗಾಡಿಗಳಲ್ಲಿ ಪಂಪ್ ಒಳಗಿರುವ ಗವರ್ನರ್ ಇದೇ ಕೆಲಸ ಮಾಡುತ್ತಿತ್ತು. ಅಂದರೆ ನೀವು ಆಕ್ಸಿಲರೇಟರ್ ಮುಟ್ಟದಿದ್ದರೂ ಎಂಜಿನ್ ತನಗೆ ಬೇಕಾದಷ್ಟು ತಾನೇ ತೆಗೆದುಕೊಳ್ಳುತ್ತದೆ. ಅದರ ಮೇಲೆ ನಿಮ್ಮ ಬಲಗಾಲೂ ಒತ್ತಿದರೆ, ಕ್ಲಚ್ ಹಿಡಿಯುವ ಕ್ಷಣಕ್ಕೇ ಸರಿಯಾಗಿ ಬೇಡದ ಎಳೆತ ಬರುತ್ತದೆ. ಗಾಡಿ ಹಾರುವುದು ಅದಕ್ಕೇ.

ಖಾಲಿ ಮೈದಾನ ಸಿಕ್ಕರೆ ಹೀಗೆ ಮಾಡಿ. ಕ್ಲಚ್ ಪೂರ್ತಿ ಒತ್ತಿ, ಒಂದನೇ ಗೇರು ಹಾಕಿ, ಬ್ರೇಕ್ ಬಿಡಿ. ಬಲಗಾಲನ್ನು ಬ್ರೇಕ್ ಹತ್ತಿರ ಸುಮ್ನೆ ಇಟ್ಟುಕೊಳ್ಳಿ. ಕ್ಲಚ್ ಪೆಡಲ್ ಮೇಲಕ್ಕೆ ಬರಲಿ. ಹಿಡಿಯುವ ಜಾಗ ಬಂದ ತಕ್ಷಣ ಕಾಲನ್ನು ಅಲ್ಲೇ ನಿಲ್ಲಿಸಿ. ಗಾಡಿ ಹೊರಡುತ್ತದೆ. ನಡೆದುಕೊಂಡು ಹೋಗುವಷ್ಟು ವೇಗ ಬರುವ ತನಕ ಕಾಲು ಅಲ್ಲೇ ಇರಲಿ, ಆಮೇಲೆ ಉಳಿದಿದ್ದನ್ನು ಬಿಡಿ. ಈ ಇಡೀ ಕೆಲಸಕ್ಕೆ ಒಂದೆರಡು ಸೆಕೆಂಡ್ ಸಾಕು. ಹೆಚ್ಚಿನವರು ಹಿಡಿಯುವ ಜಾಗದವರೆಗೆ ಚೆನ್ನಾಗಿ ತರುತ್ತಾರೆ, ಗಾಡಿ ಅಲುಗಿದ್ದೇ ತಡ ಕಾಲು ಪೂರ್ತಿ ಎತ್ತಿಬಿಡುತ್ತಾರೆ. ಆ ಒಂದು ಸೆಕೆಂಡ್ ತಡೆದುಕೊಳ್ಳುವುದೇ ಇದರಲ್ಲಿರುವ ವಿದ್ಯೆ.

ಹೊಸಗೇರು

ಧನ್ಯವಾದ ಸರ್. ಆದರೆ ಹಿಡಿಯುವ ಜಾಗ ಬಂತು ಅಂತ ಗೊತ್ತಾಗುವುದು ಹೇಗೆ? ಈ ಗಾಡಿಯ ಪೆಡಲ್ ಉದ್ದ ಇದೆ, ಗಟ್ಟಿಯೂ ಇದೆ. ಕಾರಿನಲ್ಲಿ ಗೊತ್ತಾಗುತ್ತಿದ್ದ ಹಾಗೆ ಕಾಲಿಗೆ ಗೊತ್ತಾಗುತ್ತಿಲ್ಲ.

ಕಲಿಸುವವ

ಡ್ರೈವಿಂಗ್ ಕಲಿಸುವುದು ನನ್ನ ಕೆಲಸ. ಹಾಗಾಗಿ ಇದಕ್ಕೆ ನಾನು ಹೇಳುತ್ತೇನೆ.

ಕಾಲಿಗಿಂತ ಮೊದಲು ಸೀಟು ಸರಿಮಾಡಿ. ಕ್ಲಚ್ ನೆಲದವರೆಗೆ ಒತ್ತಿದಾಗಲೂ ನಿಮ್ಮ ಮಂಡಿ ಸ್ವಲ್ಪ ಬಾಗಿರಬೇಕು. ಪಿಕಪ್‌ಗಳಲ್ಲಿ ಸೀಟು ಎತ್ತರ ಇರುತ್ತದೆ, ಹೊಸಬರು ಹಿಂದೆ ಕೂತು ಕಾಲು ಚಾಚಿ ಒತ್ತುತ್ತಾರೆ. ಕಾಲು ಪೂರ್ತಿ ಚಾಚಿದರೆ ಬೆರಳಿನ ತುದಿಯಿಂದ ಒತ್ತಬೇಕಾಗುತ್ತದೆ, ಆಗ ಹತೋಟಿ ಹೋಗುತ್ತದೆ. ಪಾದದ ಅಗಲವಾದ ಭಾಗ ಪೆಡಲ್ ಮೇಲೆ ಬರಬೇಕು. ಆಗುವುದಾದರೆ ಹಿಮ್ಮಡಿಯನ್ನು ನೆಲಕ್ಕೆ ಊರಿ. ಹಿಮ್ಮಡಿ ಊರಿದ್ದರೆ ಪಾದದಿಂದ ಪೆಡಲನ್ನು ಕೂದಲೆಳೆಯಷ್ಟು ಸರಿಸಬಹುದು. ಇಡೀ ಕಾಲು ಗಾಳಿಯಲ್ಲಿದ್ದರೆ ತೊಡೆಯ ಬಲದಿಂದ ಅಷ್ಟು ಸಣ್ಣ ಚಲನೆ ಮಾಡೋಕೆ ಆಗುವುದಿಲ್ಲ. ಪೆಡಲ್ ತುಂಬಾ ಉದ್ದ ಇದ್ದರೆ ಪೂರ್ತಿ ಒತ್ತುವಾಗ ಹಿಮ್ಮಡಿ ಎತ್ತಿ, ಹಿಡಿಯುವ ಜಾಗದ ಹತ್ತಿರ ಬಂದಾಗ ಊರಿಕೊಳ್ಳಿ. ದಪ್ಪ ಅಟ್ಟೆಯ ಬೂಟು ಹಾಕಿಕೊಂಡು ಕಲಿಯಬೇಡಿ.

ಇನ್ನು ಗುರುತು. ಸಂಗೀತ ಆಫ್ ಮಾಡಿ, ಕಿಟಕಿ ಇಳಿಸಿ. ಹಿಡಿಯುವ ಜಾಗ ಬಂದಾಗ ಎಂಜಿನ್ ಸದ್ದು ದಪ್ಪಗಾಗುತ್ತದೆ. ಮೀಟರಿನಲ್ಲಿ ಮುಳ್ಳು 50-100 ಆರ್‌ಪಿಎಂ ಕೆಳಗೆ ಬರುತ್ತದೆ. ಬಾನೆಟ್ ಕೂದಲಷ್ಟು ಮೇಲೇಳುತ್ತದೆ. ಗೇರ್ ಲಿವರ್ ಮೇಲೆ ಕೈ ಇಟ್ಟಿದ್ದರೆ ಅಲ್ಲೂ ಒಂದು ಸಣ್ಣ ನಡುಕ ಸಿಗುತ್ತದೆ. ನಾಲ್ಕರಲ್ಲಿ ಯಾವುದಾದರೂ ಒಂದು ನಿಮಗೆ ಬೇಗ ಗೊತ್ತಾಗುತ್ತದೆ, ಅದನ್ನೇ ಹಿಡಿದುಕೊಳ್ಳಿ. ಕಿವಿ ಚುರುಕಿರುವವರು ಮೀಟರ್ ನೋಡುವ ಅಗತ್ಯವೇ ಇಲ್ಲ.

ಇನ್ನೊಂದು ಮಾತು. ಪೆಡಲ್ ಇಡೀ ಹಾದಿಯನ್ನು ಒಂದೇ ವೇಗದಲ್ಲಿ ಬಿಡಬೇಕಿಲ್ಲ. ನೆಲದಿಂದ ಹಿಡಿಯುವ ಜಾಗದವರೆಗೆ ಬೇಗ ಬಿಡಿ, ಅಲ್ಲಿ ಏನೂ ನಡೆಯುವುದಿಲ್ಲ. ಹಿಡಿಯುವ ಜಾಗದ ಸುತ್ತ ಮಾತ್ರ ನಿಧಾನ.

ಗ್ರೀಸ್‌ಕೈ

ಮೇಲೆ ಹೇಳಿದ್ದೆಲ್ಲ ಸರಿ, ಆದರೆ ಎಲ್ಲವನ್ನೂ ಕಾಲಿನ ಮೇಲೆ ಹಾಕಬೇಡಿ. ‘ಟಕ್’ ಸದ್ದು, ನಡುಕ ಎರಡೂ ಹೇಳಿದ್ದಾರೆ. ಗಾಡಿಯನ್ನೂ ನೋಡಬೇಕು. ಗ್ಯಾರೇಜಿನಲ್ಲಿ ನಾವು ನೋಡುವ ಕ್ರಮ ಹೇಳುತ್ತೇನೆ.

ಮೊದಲು ಎಂಜಿನ್ ಮತ್ತು ಗೇರ್‌ಬಾಕ್ಸ್ ಮೌಂಟಿಂಗ್ ರಬ್ಬರ್. ಬಾನೆಟ್ ತೆಗೆದಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕನ್ನೂ ಗಟ್ಟಿಯಾಗಿ ಒತ್ತಿ, ಒಬ್ಬರು ಒಂದನೇ ಗೇರಿನಲ್ಲಿ ಕ್ಲಚ್ ಹಿಡಿಯುವ ಜಾಗಕ್ಕೆ ತಂದು ತಕ್ಷಣ ಒತ್ತಬೇಕು. ಆಮೇಲೆ ರಿವರ್ಸ್‌ನಲ್ಲಿ ಹಾಗೇ. ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಬೇಕು. ಗಾಡಿ ಮುಂದೆ ಮಾತ್ರ ಯಾರೂ ನಿಲ್ಲಬಾರದು. ಎಂಜಿನ್ ಸ್ವಲ್ಪ ವಾಲುವುದು ಸಹಜ. ಎದ್ದು ಕುಕ್ಕಿದರೆ ರಬ್ಬರ್ ಹರಿದಿದೆ ಅಂತ ಅರ್ಥ. ಹರಿದ ಮೌಂಟಿಂಗ್ ಇರುವ ಗಾಡಿಯನ್ನು ಎಷ್ಟು ಒಳ್ಳೆಯ ಡ್ರೈವರ್ ಎತ್ತಿದರೂ ನಡುಗುತ್ತದೆ.

ಎರಡನೆಯದು ಪ್ರೊಪೆಲ್ಲರ್ ಶಾಫ್ಟ್, ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆಯ ಕೊಳವೆ. ಸಮತಟ್ಟು ಜಾಗದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಶಾಫ್ಟನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಚಿ ನೋಡಿ. ಶಾಫ್ಟಿನ ಕೀಲಿನಲ್ಲಿರುವ ಜಾಯಿಂಟ್ ಕ್ರಾಸ್‌ನಲ್ಲಿ ಕೈಗೆ ಗೊತ್ತಾಗುವಷ್ಟು ಆಟ, ಅಂದರೆ ಸಡಿಲ, ಇದ್ದರೆ ಬದಲಿಸಬೇಕು. ಎರಡು ತುಂಡಿನ ಶಾಫ್ಟ್ ಆಗಿದ್ದರೆ ನಡುವಿನ ಸೆಂಟರ್ ಬೇರಿಂಗ್ ರಬ್ಬರ್ ನೋಡಿ. ಅದು ಸಡಿಲವಾದರೆ ಎತ್ತುವಾಗಲೇ ನಡುಕ ಬರುತ್ತದೆ, ವೇಗ ಹಿಡಿದ ಮೇಲೆ ಮಾಯ. ಶಾಫ್ಟ್ ಹಿಂದೆ ಮುಂದೆ ಜಾರುವ ಹಲ್ಲಿನ ಭಾಗ ಇದೆಯಲ್ಲ, ಸ್ಲಿಪ್ ಜಾಯಿಂಟ್, ಅದು ಒಣಗಿದ್ದರೆ ‘ಟಕ್’ ಅನ್ನುತ್ತದೆ. ಎಷ್ಟೋ ಪಿಕಪ್‌ಗಳಲ್ಲಿ ಅಲ್ಲಿಗೆ ಗ್ರೀಸ್ ಹೊಡೆದರೆ ಸದ್ದು ನಿಂತುಹೋಗುತ್ತದೆ. ಮೊದಲು ಇದನ್ನೇ ಮಾಡಿಸಿ.

ಮೂರನೆಯದು ಕ್ಲಚ್. ಎಂಜಿನ್ ಹಿಂಬದಿಯ ಸೀಲ್ ಅಥವಾ ಗೇರ್‌ಬಾಕ್ಸ್ ಮುಂದಿನ ಸೀಲ್ ಸೋರಿ ಕ್ಲಚ್ ಪ್ಲೇಟಿಗೆ ಆಯಿಲ್ ತಾಗಿದರೆ ಹಿಡಿಯುವಾಗ ಗಡಗಡ ಅನ್ನುತ್ತದೆ. ಪ್ಲೇಟ್ ಒತ್ತಿಕೊಳ್ಳುವ ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಮೇಲೆ ಬಿಸಿಯಿಂದ ನೀಲಿ ಕಲೆ ಬಿದ್ದಿದ್ದರೂ ಹಾಗೇ. ಆದರೆ ಮಳೆಯಲ್ಲಿ ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಮೊದಲ ಕೆಲವು ಸಲ ನಡುಗಿ ಆಮೇಲೆ ಸರಿಹೋದರೆ ಹೆದರಬೇಡಿ. ಫ್ಲೈವೀಲ್ ಮೇಲೆ ಹಿಡಿದ ತೆಳು ತುಕ್ಕು ಅದು, ಉಜ್ಜಿ ಹೋಗುತ್ತದೆ.

ಲೋಡ್‌ಗಾಡಿ

ಎಡಗಾಲು ಅವರೇ, ನಿಮ್ಮ ಮಾತು ಖಾಲಿ ಗಾಡಿಗೆ ಸರಿ. ಪಿಕಪ್ ತೆಗೆದುಕೊಳ್ಳುವುದು ಖಾಲಿ ಓಡಿಸೋಕೆ ಅಲ್ಲ ಅಲ್ವಾ? ಒಂದು ಟನ್ ತುಂಬಿಸಿಕೊಂಡು, ಸ್ವಲ್ಪವೇ ಏರು ಇರುವ ಕಡೆ ಆಕ್ಸಿಲರೇಟರ್ ಇಲ್ಲದೆ ಎತ್ತಿ ನೋಡಿ. ಎಂಜಿನ್ ಮುಲುಗುತ್ತದೆ, ಆಮೇಲೆ ಆಫ್ ಆಗುತ್ತದೆ. ಹಿಂದೆ ನಿಂತವರು ಹಾರ್ನ್ ಹೊಡೆಯುತ್ತಾರೆ.

ಈಗಿನ ಎಂಜಿನ್‌ಗಳು ಚಿಕ್ಕವು, ಟರ್ಬೊ ನಂಬಿಕೊಂಡಿರುವವು. ಹೆಚ್ಚಿನವು ಸುಮಾರು 1,400ರಿಂದ 1,800 ಆರ್‌ಪಿಎಂ ದಾಟಿದ ಮೇಲೇ ಪೂರ್ತಿ ಎಳೆತ ಕೊಡುತ್ತವೆ. ಐಡಲ್‌ನಲ್ಲಿ ಟರ್ಬೊ ಇದ್ದೂ ಇಲ್ಲದ ಹಾಗೆ. ಎಕ್ಸಾಸ್ಟ್ ಗಾಳಿ ಸಾಕಾಗುವಷ್ಟು ಬರದೆ ಅದು ಜೋರಾಗಿ ತಿರುಗುವುದಿಲ್ಲ. ಹಾಗಾಗಿ ನಾನು ಲೋಡ್ ಇದ್ದರೆ 1,100-1,200 ಆರ್‌ಪಿಎಂಗೆ ತಂದು, ಅಲ್ಲೇ ಕಾಲು ಅಲುಗಿಸದೆ ಹಿಡಿದು, ಆಮೇಲೆ ಕ್ಲಚ್ ತರುತ್ತೇನೆ. ಮೊದಲು ಆಕ್ಸಿಲರೇಟರ್ ಒಂದೇ ಮಟ್ಟದಲ್ಲಿ ನಿಲ್ಲಬೇಕು, ಆಮೇಲೆ ಕ್ಲಚ್. ಕ್ಲಚ್ ಹಿಡಿಯುತ್ತಿರುವಾಗ ಬಲಗಾಲನ್ನು ಏರಿಳಿಸಿದರೆ ಕೆಟ್ಟಿತು.

ಎಡಗಾಲು

ಒಪ್ಪಿದೆ. ಲೋಡ್‌ಗೆ, ಏರಿಗೆ ಆಕ್ಸಿಲರೇಟರ್ ಬೇಕೇ ಬೇಕು. ನಾನು ಹೇಳಿದ್ದು ಕಲಿಯುವ ದಾರಿ. ಆಕ್ಸಿಲರೇಟರ್ ಇಲ್ಲದೆ ಎತ್ತಿ ಅಭ್ಯಾಸವಾದವರಿಗೆ ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಕಾಲಿಗೇ ಗೊತ್ತಿರುತ್ತದೆ. ಆಮೇಲೆ 1,200 ಏನು, ಎಷ್ಟು ಬೇಕಾದರೂ ಸೇರಿಸಿಕೊಳ್ಳಬಹುದು. ಮೊದಲ ದಿನವೇ ಎರಡೂ ಕಾಲಿಗೆ ಕೆಲಸ ಕೊಟ್ಟರೆ ತಪ್ಪು ಯಾವ ಕಾಲಿನದ್ದು ಅಂತಲೇ ಗೊತ್ತಾಗುವುದಿಲ್ಲ.

ಆದರೆ 1,200 ಅಂದರೆ 1,200. ಕೆಲವರು 2,000ಕ್ಕೆ ಏರಿಸಿಕೊಂಡು ಹಾಫ್ ಕ್ಲಚ್‌ನಲ್ಲಿ ಎಳೆಯುತ್ತಾರೆ. ಗಾಡಿ ನಯವಾಗಿ ಹೋಗುತ್ತದೆ ನಿಜ, ಪ್ಲೇಟ್ ಸುಡುತ್ತಿರುತ್ತದೆ.

ಲೆಕ್ಕದವ

ಎಷ್ಟು ಸುಡುತ್ತದೆ ಅನ್ನುವುದಕ್ಕೆ ಲೆಕ್ಕ ಇದೆ. ಎರಡನೇ ಗೇರಿನ ಪ್ರಶ್ನೆಗೂ ಇದರಲ್ಲೇ ಉತ್ತರ ಸಿಗುತ್ತದೆ. ಸ್ವಲ್ಪ ತಾಳ್ಮೆಯಿಂದ ಓದಿ.

ಒಂದನೇ ಗೇರಿನ ಅನುಪಾತ 4.3, ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್‌ನ ಗೇರು) ಅನುಪಾತ 3.9 ಅಂತ ಇಟ್ಟುಕೊಳ್ಳೋಣ. ಗುಣಿಸಿದರೆ ಸುಮಾರು 16.8. ಎಂಜಿನ್ ನಿಮಿಷಕ್ಕೆ 750 ಸುತ್ತು ತಿರುಗಿದರೆ ಚಕ್ರ ಸುಮಾರು 45 ಸುತ್ತು ತಿರುಗುತ್ತದೆ. ಟೈರಿನ ಸುತ್ತಳತೆ 2.3 ಮೀಟರ್ ಇದ್ದರೆ ನಿಮಿಷಕ್ಕೆ 103 ಮೀಟರ್, ಅಂದರೆ ಗಂಟೆಗೆ 6 ಕಿ.ಮೀ. ಚಿಲ್ಲರೆ. ಎಡಗಾಲು ಅವರು ಹೇಳಿದ ನಡಿಗೆಯ ವೇಗ ಇದೇ. ಗಾಡಿ ಆ ವೇಗ ಮುಟ್ಟಿದಾಗ ಕ್ಲಚ್‌ನ ಎರಡೂ ಬದಿ ಒಂದೇ ವೇಗದಲ್ಲಿ ತಿರುಗುತ್ತವೆ, ಜಾರುವುದು ನಿಲ್ಲುತ್ತದೆ. ಆಮೇಲೆ ಪೆಡಲ್ ಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಅದಕ್ಕಿಂತ ಮುಂಚೆ ಬಿಟ್ಟರೆ ಉಳಿದ ವ್ಯತ್ಯಾಸ ಒಂದೇ ಏಟಿಗೆ ತೀರಬೇಕು. ಆ ಏಟೇ ಜರ್ಕ್.

ಈಗ ಬಿಸಿ. ಸಮತಟ್ಟು ನೆಲದಲ್ಲಿ ಎಂಜಿನ್ ವೇಗ ಒಂದೇ ಸಮ ಇಟ್ಟುಕೊಂಡು ಎತ್ತಿದರೆ, ಗಾಡಿಗೆ ಎಷ್ಟು ಚಲನ ಶಕ್ತಿ ಬಂತೋ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕ್ಲಚ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಗಾಡಿಯ ತೂಕ 2,000 ಕಿಲೊ ಅಂತಿರಲಿ. ಒಂದನೇ ಗೇರು, 750 ಆರ್‌ಪಿಎಂ: ಸುಮಾರು 3 ಕಿಲೊಜೂಲ್. ಅದೇ ಗೇರಿನಲ್ಲಿ 1,500ಕ್ಕೆ ಏರಿಸಿ ಹಿಡಿದರೆ 12. 2,000ಕ್ಕೆ ಏರಿಸಿದರೆ 21. ವೇಗ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು, ಅದಕ್ಕೇ ಇಷ್ಟು ಏರುತ್ತದೆ.

ಎರಡನೇ ಗೇರಿಗೆ ಬನ್ನಿ. ಅದರ ಅನುಪಾತ 2.3 ಆದರೆ ಐಡಲ್‌ನಲ್ಲಿ ಗಾಡಿ ಗಂಟೆಗೆ 11 ಕಿ.ಮೀ. ಮೇಲೆ ಹೋಗಬೇಕು. ಅಲ್ಲಿಯವರೆಗೂ ಕ್ಲಚ್ ಜಾರುತ್ತಲೇ ಇರಬೇಕು. ಬಿಸಿ ಸುಮಾರು 10 ಕಿಲೊಜೂಲ್, ಅಂದರೆ ಒಂದನೇ ಗೇರಿನ ಮೂರು ಪಟ್ಟಿಗಿಂತ ಜಾಸ್ತಿ. ನಯವಾಗಿ ಹೋಗುತ್ತದೆ ಅನ್ನಿಸುವುದು ಹೌದು, ಎಳೆತ ಕಡಿಮೆ ಇರುವುದರಿಂದ. ಆದರೆ ಅದಕ್ಕೆ ಬೆಲೆ ಕೊಡುವುದು ಪ್ಲೇಟು.

ಕೆಳಗೇರು

ಲೆಕ್ಕದವರ ಮಾತಿಗೆ ಒಂದು ಸೇರಿಕೆ. ಎರಡನೇ ಗೇರಿನಲ್ಲಿ ಎತ್ತಲೇಬಾರದು ಅಂತೇನಿಲ್ಲ, ಅದು ಗೇರ್‌ಬಾಕ್ಸ್ ಮೇಲೆ ನಿಂತಿದೆ. ಮ್ಯಾನುವಲ್ ಗೇರಿನ ದೊಡ್ಡ ಅಮೆರಿಕನ್ ಪಿಕಪ್‌ಗಳಲ್ಲಿ ಒಂದನೇ ಗೇರು ತೀರಾ ಕೆಳಗಿರುತ್ತಿತ್ತು, ಅಂದರೆ ಅನುಪಾತ ಜಾಸ್ತಿ, ವೇಗ ಕಡಿಮೆ. ಡಾಡ್ಜ್ ರ‍್ಯಾಮ್‌ಗೆ ಬರುತ್ತಿದ್ದ ಎನ್‌ವಿ4500 ಗೇರ್‌ಬಾಕ್ಸ್‌ನಲ್ಲಿ ಅದು 5.61. ಆಮೇಲೆ ಬಂದ ಜಿ56ರಲ್ಲಿ ಆರು ಗೇರುಗಳಿದ್ದವು, ಅದರ ಒಂದನೇ ಗೇರೂ ಲೋಡ್ ಎಳೆಯೋಕೆ ಅಂತಲೇ ಇದ್ದಿದ್ದು. ರ‍್ಯಾಮ್ ದೊಡ್ಡ ಪಿಕಪ್‌ಗಳಲ್ಲಿ ಡೀಸೆಲ್ ಜೊತೆ ಮ್ಯಾನುವಲ್ ಗೇರ್ 2018ರ ಮಾಡೆಲ್‌ಗೆ ಮುಗಿಯಿತು. ಅಂಥ ಗಾಡಿಯಲ್ಲಿ ಖಾಲಿ ಇದ್ದಾಗ ಒಂದನೇ ಗೇರು ಹಾಕಿದರೆ ಒಂದು ಗಾಡಿಯ ಉದ್ದ ಹೋಗುವಷ್ಟರಲ್ಲಿ ಎರಡನೆಯದು ಬೇಕಾಗುತ್ತದೆ. ಅಲ್ಲಿ ಎರಡನೇ ಗೇರಿನಲ್ಲಿ ಎತ್ತುವುದೇ ರೂಢಿ. ಅದರ ಎರಡನೇ ಗೇರು ಬೇರೆ ಗಾಡಿಗಳ ಒಂದನೇ ಗೇರಿಗೆ ಹತ್ತಿರ ಇರುತ್ತದೆ.

ನಿಮ್ಮದು ಮಧ್ಯಮ ಗಾತ್ರದ ಪಿಕಪ್ ಅನ್ನಿಸುತ್ತದೆ. ಐಡಲ್‌ನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಒಂದನೇ ಗೇರಿನಲ್ಲಿ ಎಷ್ಟು ವೇಗ ಬರುತ್ತದೆ ನೋಡಿ. 5-6 ಕಿ.ಮೀ. ಇದ್ದರೆ ಒಂದನೇ ಗೇರಿನಲ್ಲೇ ಎತ್ತಿ. 3-4 ಮಾತ್ರ ಬಂದರೆ ಖಾಲಿ ಗಾಡಿಯನ್ನು ಎರಡನೆಯದರಲ್ಲಿ ಎತ್ತಿದರೆ ತಪ್ಪೇನಿಲ್ಲ.

ಹೊಸಗೇರು

ನೋಡಿದೆ, 6ರ ಹತ್ತಿರ ಬರುತ್ತದೆ. ಹಾಗಾದರೆ ಒಂದನೇ ಗೇರೇ.

ಆಕ್ಸಿಲರೇಟರ್ ಇಲ್ಲದೆ ಎತ್ತುವ ಅಭ್ಯಾಸ ಮಾಡುತ್ತಿದ್ದೇನೆ, ತುಂಬಾ ವ್ಯತ್ಯಾಸ ಆಗಿದೆ. ಹೊರಡುವಾಗ ಈಗ ಗೊತ್ತೇ ಆಗುವುದಿಲ್ಲ. ಆದರೆ ಹೊರಟ ಮೇಲೆ ಆಕ್ಸಿಲರೇಟರ್ ಒತ್ತಿದಾಗ ಆ ‘ಟಕ್’ ಇನ್ನೂ ಇದೆ. ಮೌಂಟಿಂಗ್ ತೋರಿಸಿದೆ, ಚೆನ್ನಾಗಿದೆ ಅಂದರು. ಗ್ರೀಸ್ ಹೊಡೆಸಬೇಕು ಇನ್ನೂ.

ಎಡಗಾಲು

ಗ್ರೀಸ್ ಹೊಡೆಸಿ. ಜೊತೆಗೆ ಬಲಗಾಲಿಗೂ ಒಂದು ಅಭ್ಯಾಸ ಬೇಕು.

ಎಂಜಿನ್‌ನಿಂದ ಚಕ್ರದವರೆಗೆ ಗೇರು, ಕ್ರಾಸು, ಶಾಫ್ಟು, ಡಿಫರೆನ್ಷಿಯಲ್ ಅಂತ ಎಷ್ಟೊಂದು ಕೊಂಡಿಗಳಿವೆ. ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಆಟ ಇರುತ್ತದೆ, ಹೊಸ ಗಾಡಿಯಲ್ಲೂ. ಎಲ್ಲ ಸೇರಿದರೆ ಶಾಫ್ಟ್ ಕೈಗೆ ಗೊತ್ತಾಗುವಷ್ಟು ತಿರುಗುತ್ತದೆ. ಕ್ಲಚ್ ಬಿಟ್ಟ ಮೇಲೆ ನೀವು ಒಂದು ಗಳಿಗೆ ಏನೂ ಮಾಡದೆ ಇದ್ದಾಗ ಈ ಆಟ ಸಡಿಲವಾಗಿ ನಿಂತಿರುತ್ತದೆ. ಆಗ ತಟ್ಟನೆ ಒತ್ತಿದರೆ ಎಲ್ಲ ಕೊಂಡಿಗಳೂ ಒಂದೇ ಸಲ ಬಿಗಿಯಾಗುತ್ತವೆ, ಟಕ್ ಅನ್ನುತ್ತದೆ. ಹಗ್ಗ ಕಟ್ಟಿ ಇನ್ನೊಂದು ಗಾಡಿ ಎಳೆಯುವವರು ಮೊದಲು ಹಗ್ಗ ಬಿಗಿಮಾಡಿಕೊಂಡು ಆಮೇಲೆ ಎಳೆಯುತ್ತಾರಲ್ಲ, ಇಲ್ಲೂ ಅದೇ. ಮೊದಲು ಪೆಡಲ್ ಮೇಲೆ ಕಾಲಿನ ಭಾರ ಮಾತ್ರ ಬೀಳಲಿ. ಗಾಡಿ ಎಳೆಯುತ್ತಿದೆ ಅಂತ ಬೆನ್ನಿಗೆ ಗೊತ್ತಾದ ಮೇಲೆ ಉಳಿದದ್ದು.

ಟರ್ಬೊ ಡೀಸೆಲ್‌ನಲ್ಲಿ ಇದು ಇನ್ನೂ ಮುಖ್ಯ. ನೀವು ಒತ್ತಿದಾಗ ಎಳೆತ ತಕ್ಷಣ ಬರುವುದಿಲ್ಲ. ಬರಲಿಲ್ಲ ಅಂತ ಇನ್ನೂ ಒತ್ತುತ್ತೀರಿ. ಅಷ್ಟರಲ್ಲಿ ಟರ್ಬೊ ಎದ್ದುಬಿಡುತ್ತದೆ, ಎರಡೂ ಸೇರಿ ಗಾಡಿ ನುಗ್ಗುತ್ತದೆ. ಒತ್ತಿ, ಕಾಯಿರಿ.

ಗ್ರೀಸ್‌ಕೈ

ಖಾಲಿ ಇದ್ದಾಗ ಜಾಸ್ತಿ, ಲೋಡ್ ಇದ್ದಾಗ ಕಡಿಮೆ ಅಂದರಲ್ಲ, ಅದಕ್ಕೂ ಕಾರಣ ಇದೆ. ಲೀಫ್ ಸ್ಪ್ರಿಂಗ್ ಗಾಡಿಯಲ್ಲಿ ಹಿಂದಿನ ಆಕ್ಸಲ್ ಸ್ಪ್ರಿಂಗ್‌ಗೇ ಕಟ್ಟಿರುತ್ತದೆ. ಎಳೆತ ಬಂದಾಗ ಆಕ್ಸಲ್ ತಿರುಚಿಕೊಳ್ಳೋಕೆ ನೋಡುತ್ತದೆ, ಸ್ಪ್ರಿಂಗ್ ಬಾಗಿ ತಡೆಯುತ್ತದೆ, ಆಮೇಲೆ ವಾಪಸ್ ಬರುತ್ತದೆ. ಖಾಲಿ ಗಾಡಿಯಲ್ಲಿ ಚಕ್ರದ ಮೇಲೆ ಭಾರ ಕಡಿಮೆ, ಹಾಗಾಗಿ ಈ ತಿರುಚಾಟ ಕುಣಿತವಾಗಿ ಕಾಣುತ್ತದೆ. ಹಿಂಭಾಗ ಎತ್ತರಕ್ಕೆ ನಿಂತಿರುವುದರಿಂದ ಶಾಫ್ಟ್ ಕೋನವೂ ಜಾಸ್ತಿ. ಲೋಡ್ ಬಿದ್ದರೆ ಎರಡೂ ತಣ್ಣಗಾಗುತ್ತವೆ. ಸ್ಪ್ರಿಂಗ್ ಹಿಡಿದಿರುವ ಯು ಬೋಲ್ಟ್ ಬಿಗಿ ಇದೆಯಾ, ಬುಷ್ ತಿಂದಿದೆಯಾ ಅಂತ ಗ್ರೀಸ್ ಹೊಡೆಸುವಾಗಲೇ ನೋಡಿಸಿಬಿಡಿ.

ಹೊಸಗೇರು

ಇನ್ನೊಂದು ಭಯ ಇದೆ. ಏರಿನಲ್ಲಿ, ಹಿಂದೆ ಗಾಡಿ ಅಂಟಿಕೊಂಡು ನಿಂತಿದ್ದಾಗ ಏನು ಮಾಡುವುದು? ಬ್ರೇಕ್‌ನಿಂದ ಕಾಲು ತೆಗೆದು ಆಕ್ಸಿಲರೇಟರ್‌ಗೆ ಹೋಗುವಷ್ಟರಲ್ಲಿ ಗಾಡಿ ಹಿಂದೆ ಜಾರುತ್ತದೆ. ಆ ಗಾಬರಿಯಲ್ಲಿ ಕ್ಲಚ್ ಬಿಟ್ಟರೆ ಮತ್ತೆ ಅದೇ ಜರ್ಕ್.

ಏರುದಾರಿ

ಗುಡ್ಡಗಾಡಿನಲ್ಲೇ ಓಡಿಸುವವನು ನಾನು. ಇದಕ್ಕೆ ಹ್ಯಾಂಡ್ ಬ್ರೇಕ್ ಬಿಟ್ಟರೆ ಬೇರೆ ಉಪಾಯ ಹುಡುಕಬೇಡಿ. ಕಾಲು ಬೇಗ ಬೇಗ ಬದಲಿಸುವ ಚಾಲಾಕಿತನ ಖಾಲಿ ಕಾರಿಗೆ ಸರಿ, ಲೋಡ್ ಪಿಕಪ್‌ಗೆ ಅಲ್ಲ.

ನಿಂತ ತಕ್ಷಣ ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆಯಿರಿ. ಹೊರಡುವಾಗ ಒಂದನೇ ಗೇರು, 1,200-1,500 ಆರ್‌ಪಿಎಂ, ಕ್ಲಚ್ ಹಿಡಿಯುವ ಜಾಗಕ್ಕೆ ತನ್ನಿ. ಎಂಜಿನ್ ಸದ್ದು ದಪ್ಪಗಾಗಿ, ಹಿಂಭಾಗ ಸ್ವಲ್ಪ ಕುಸಿದು ಗಾಡಿ ಬ್ರೇಕನ್ನೇ ಎಳೆಯುತ್ತಿರುವುದು ಗೊತ್ತಾಗುತ್ತದೆ. ಆಗ ಹ್ಯಾಂಡ್ ಬ್ರೇಕ್ ಬಿಡಿ, ಕ್ಲಚ್ ಅಲ್ಲ. ಗಾಡಿ ತಾನಾಗೇ ಮುಂದೆ ಹೋಗುತ್ತದೆ. ಕ್ಲಚ್ ಬಿಡುವುದು ಅದಾದ ಮೇಲೆ. ಇದು ಸರಿಯಾಗಬೇಕಾದರೆ ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಇರಬೇಕು. ಲೋಡ್ ಗಾಡಿಯನ್ನು ಏರಿನಲ್ಲಿ ಹಿಡಿಯದ ಹ್ಯಾಂಡ್ ಬ್ರೇಕ್ ಇಟ್ಟುಕೊಂಡು ಓಡಾಡಬೇಡಿ, ಮೊದಲು ಸರಿಮಾಡಿಸಿ.

ಹಿಲ್ ಹೋಲ್ಡ್ ಇರುವ ಗಾಡಿಯಾದರೆ ಬ್ರೇಕ್ ಬಿಟ್ಟ ಮೇಲೂ ಸುಮಾರು ಎರಡು ಸೆಕೆಂಡ್ ಹಿಡಿದಿರುತ್ತದೆ. ಅದು ಸಾಕು, ಆದರೆ ಅದನ್ನೇ ನಂಬಿ ಯೋಚಿಸುತ್ತಾ ಕೂರಬೇಡಿ. ಕ್ಲಚ್ ಮೇಲೆ ಗಾಡಿಯನ್ನು ತೂಗಿಸಿಕೊಂಡು ನಿಲ್ಲುವ ಅಭ್ಯಾಸ ಮಾತ್ರ ಬೇಡವೇ ಬೇಡ. ಲೆಕ್ಕದವರು ಹೇಳಿದ ಬಿಸಿ ಸಮತಟ್ಟಿನದ್ದು, ಅಲ್ಲಿ ಗಾಡಿ ಹೊರಟರೆ ಮುಗಿಯಿತು. ಏರಿನಲ್ಲಿ ನಿಂತಲ್ಲೇ ನಿಂತರೆ ಬಿಸಿ ಏರುತ್ತಲೇ ಇರುತ್ತದೆ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ನ್ಯೂಟ್ರಲ್ ಹಾಕಿ, ತಣ್ಣಗಾಗೋಕೆ ಬಿಡಿ.

ಫೋರ್ ವೀಲ್ ಡ್ರೈವ್ ಇದ್ದರೆ ಲೋ ರೇಂಜ್ ಅನ್ನುವುದು ದೊಡ್ಡ ವರ. ಗೇರಿನ ಎಳೆತ ಸುಮಾರು ಎರಡೂವರೆ ಪಟ್ಟಾಗುತ್ತದೆ, ಎಂಥ ಏರಿನಲ್ಲೂ ಐಡಲ್‌ನಲ್ಲೇ ಎದ್ದು ಹೋಗುತ್ತದೆ. ಆದರೆ ಮಣ್ಣು, ಜಲ್ಲಿ, ಕೆಸರಿನಲ್ಲಿ ಮಾತ್ರ. ಹೆಚ್ಚಿನ ಪಿಕಪ್‌ಗಳಲ್ಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇರುವುದಿಲ್ಲ. ಒಣಗಿದ ಟಾರು ರಸ್ತೆಯಲ್ಲಿ ಹಾಕಿ ತಿರುಗಿಸಿದರೆ ಗೇರ್‌ಬಾಕ್ಸ್‌ನಿಂದ ಚಕ್ರದವರೆಗಿನ ಇಡೀ ಡ್ರೈವ್‌ಲೈನ್ ಹಿಡಿದುಕೊಳ್ಳುತ್ತದೆ.

ಕಲಿಸುವವ

ಗಾಡಿ ಕಪ್ಪೆ ಹಾಗೆ ಕುಪ್ಪಳಿಸೋಕೆ ಶುರುವಾದರೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಕುಪ್ಪಳಿಸುವಾಗ ನಿಮ್ಮ ಮೈ ಮುಂದೆ ಹಿಂದೆ ಆಗುತ್ತದೆ, ಅದರ ಜೊತೆ ಬಲಗಾಲೂ ಪೆಡಲ್ ಮೇಲೆ ಕುಣಿಯುತ್ತದೆ. ಪ್ರತಿ ಕುಣಿತಕ್ಕೂ ಡೀಸೆಲ್ ಏರಿಳಿಯುತ್ತದೆ, ಕುಪ್ಪಳಿಕೆ ಇನ್ನೂ ಜಾಸ್ತಿಯಾಗುತ್ತದೆ. ಆಕ್ಸಿಲರೇಟರ್ ಒತ್ತಿ ಸರಿಮಾಡೋಕೆ ಹೋಗಬೇಡಿ. ಕ್ಲಚ್ ಒತ್ತಿಬಿಡಿ. ತಕ್ಷಣ ನಿಲ್ಲುತ್ತದೆ. ಮತ್ತೆ ಹಿಡಿಯುವ ಜಾಗದಿಂದ ಶುರುಮಾಡಿ. ಬಲಗಾಲಿನ ಹಿಮ್ಮಡಿ ನೆಲಕ್ಕೆ ಊರಿದ್ದು, ಪಾದದ ಅಂಚು ಪಕ್ಕದ ಗೋಡೆಗೆ ಒರಗಿದ್ದರೆ ಈ ಕುಣಿತವೇ ಬರುವುದಿಲ್ಲ.

ಲೋಡ್‌ಗಾಡಿ

ಬೆಳಿಗ್ಗೆ ತಣ್ಣಗಿರುವ ಎಂಜಿನ್ ಬಗ್ಗೆಯೂ ಒಂದು ಮಾತು. ಎಂಜಿನ್ ಒಳಗೆ ಬಿಸಿ ಮಾಡುವ ಗ್ಲೋ ಪ್ಲಗ್‌ನ ದೀಪ ಆರಿದ ಮೇಲೆ ಸ್ಟಾರ್ಟ್ ಮಾಡಿ. ಶುರುವಿನಲ್ಲಿ ಐಡಲ್ ಮಾಮೂಲಿಗಿಂತ ಜಾಸ್ತಿ ಇರುತ್ತದೆ, ಹಾಗಾಗಿ ಅದೇ ಕಾಲಿಗೆ ಗಾಡಿ ಸ್ವಲ್ಪ ಜೋರಾಗಿ ಹೊರಡುತ್ತದೆ. ಒಂದರಿಂದ ಎರಡಕ್ಕೆ ಹಾಕುವಾಗ ಗೇರು ಗಟ್ಟಿ ಅನ್ನಿಸುತ್ತದೆ, ಗೇರ್ ಆಯಿಲ್ ದಪ್ಪಗಿರುತ್ತದೆ. ತಳ್ಳಬೇಡಿ. ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ತಡೆದು ಹಾಕಿದರೆ ತಾನಾಗೇ ಕೂರುತ್ತದೆ. ಎಸಿ ಹಾಕಿದಾಗ ಕಂಪ್ರೆಸರ್ ಎಂಜಿನ್ ಮೇಲೆ ಭಾರ ಹಾಕುತ್ತದೆ, ಆಗ ಕ್ಲಚ್ ಇನ್ನೂ ಸ್ವಲ್ಪ ತಾಳ್ಮೆಯಿಂದ ಬಿಡಬೇಕು.

ಗ್ರೀಸ್‌ಕೈ

ಐಡಲ್‌ನಲ್ಲಿ ಎತ್ತುವುದು ಒಳ್ಳೆಯದು ಅಂದ ಮಾತ್ರಕ್ಕೆ ಐಡಲ್‌ನಲ್ಲೇ ಎಳೆಸಬೇಡಿ. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ನಾಲ್ಕು ಸಿಲಿಂಡರ್ ಎಂಜಿನ್ 750 ಆರ್‌ಪಿಎಂನಲ್ಲಿ ಸೆಕೆಂಡಿಗೆ 25 ಸಲ ಉರಿಯುತ್ತದೆ. ಡೀಸೆಲ್‌ನಲ್ಲಿ ಒಂದೊಂದೂ ದೊಡ್ಡ ಏಟು. ಈ ಏಟುಗಳನ್ನು ತಿನ್ನೋಕೆ ಅಂತಲೇ ಈಗಿನ ಎಷ್ಟೋ ಡೀಸೆಲ್ ಗಾಡಿಗಳಲ್ಲಿ ಎರಡು ಭಾಗದ ಫ್ಲೈವೀಲ್ ಹಾಕಿರುತ್ತಾರೆ. ಡ್ಯುಯಲ್ ಮಾಸ್ ಅನ್ನುತ್ತಾರೆ, ಎರಡು ಭಾಗದ ನಡುವೆ ಸ್ಪ್ರಿಂಗ್ ಇರುತ್ತದೆ. ಕ್ಲಚ್ ಪೂರ್ತಿ ಬಿಟ್ಟ ಮೇಲೆ 1,000ದ ಕೆಳಗೆ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಆ ಸ್ಪ್ರಿಂಗ್‌ಗಳು ಕೊನೆಯವರೆಗೆ ಒತ್ತಿಕೊಂಡು ಹೊಡೆಸಿಕೊಳ್ಳುತ್ತವೆ. ಎತ್ತಿದ ಮೇಲೆ ಮೆಲ್ಲಗೆ ಒತ್ತುತ್ತಾ ವೇಗ ಏರಿಸಿ. ಖಾಲಿ ಇದ್ದರೆ 2,000ದ ಹತ್ತಿರ, ಲೋಡ್ ಇದ್ದರೆ 2,500ರ ಹತ್ತಿರ ಎರಡನೇ ಗೇರು ಹಾಕಿ.

ಆ ಫ್ಲೈವೀಲ್ ಹೋಗಿದ್ದರೆ ಎಂಜಿನ್ ಆಫ್ ಮಾಡುವಾಗ ಗಡಗಡ ಸದ್ದು ಬರುತ್ತದೆ, ಎತ್ತುವಾಗಲೂ ನಡುಕ. ಅದನ್ನೂ ಗಮನದಲ್ಲಿಡಿ. ಹಿಡಿಯುವ ಜಾಗ ನೆಲಕ್ಕೆ ಹತ್ತಿರವಾಗುತ್ತಾ ಬಂದರೆ, ರಿವರ್ಸ್ ಹಾಕುವಾಗ ಕರಕರ ಅಂದರೆ, ಕ್ಲಚ್ ಆಯಿಲ್ ಸೋರುತ್ತಿದೆ ಅಥವಾ ಗಾಳಿ ಸೇರಿದೆ. ತೀರಾ ಮೇಲೆ ಬಂದರೆ ಪ್ಲೇಟ್ ಸವೆದಿದೆ. ಅನುಮಾನ ಇದ್ದರೆ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 1,500ರಿಂದ ಪೂರ್ತಿ ಒತ್ತಿ ನೋಡಿ. ಆರ್‌ಪಿಎಂ ಮೇಲೆ ಹಾರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಹೊಸಗೇರು

ಗ್ರೀಸ್ ಹೊಡೆಸಿದೆ. ‘ಟಕ್’ ಸದ್ದು ಮುಕ್ಕಾಲು ಪಾಲು ಹೋಗಿದೆ. ಒಂದು ಕ್ರಾಸ್‌ನಲ್ಲಿ ಸ್ವಲ್ಪ ಆಟ ಇದೆ, ಬದಲಿಸಬೇಕು ಅಂತ ಗ್ಯಾರೇಜಿನಲ್ಲಿ ಹೇಳಿದರು. ಏರಿನಲ್ಲಿ ಹ್ಯಾಂಡ್ ಬ್ರೇಕ್ ಉಪಾಯ ತುಂಬಾ ಧೈರ್ಯ ಕೊಟ್ಟಿತು. ಎಲ್ಲರಿಗೂ ಮನಸಾರೆ ವಂದನೆ.

ಕೊನೆಯದಾಗಿ ಒಂದು: ಟ್ರಾಫಿಕ್‌ನಲ್ಲಿ ಒಂದೊಂದೇ ಅಡಿ ಹೋಗುವಾಗ ಕ್ಲಚ್ ಅರ್ಧ ಒತ್ತಿಕೊಂಡೇ ಇರಬೇಕಾ?

ಎಡಗಾಲು

ಬೇಡ. ಒಂದೊಂದು ಅಡಿಗೂ ಎತ್ತಬೇಡಿ. ಮುಂದಿನ ಗಾಡಿ ಎರಡು ಮೂರು ಗಾಡಿಯ ಉದ್ದ ಮುಂದೆ ಹೋಗಲಿ. ಆಮೇಲೆ ಎತ್ತಿ, ಕ್ಲಚ್ ಪೂರ್ತಿ ಬಿಟ್ಟು, ಕಾಲು ಪೆಡಲ್‌ನಿಂದ ತೆಗೆದು ಐಡಲ್‌ನಲ್ಲೇ ಹೋಗುತ್ತಿರಿ. ಕಾಲು ಪೆಡಲ್ ಮೇಲೇ ಇಟ್ಟರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸುಮ್ನೆ ಸವೆಯುತ್ತದೆ. ನಿಮ್ಮ ಗಾಡಿ ಹಾಗೆ 6 ಕಿ.ಮೀ. ವೇಗದಲ್ಲಿ ತಾನಾಗೇ ಹೋಗುತ್ತದೆ, ಸಾಲಿನ ವೇಗವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪೂರ್ತಿ ನಿಂತರೆ ನ್ಯೂಟ್ರಲ್ ಹಾಕಿ ಎಡಗಾಲಿಗೆ ವಿಶ್ರಾಂತಿ ಕೊಡಿ. ಮಧ್ಯದಲ್ಲಿ ಯಾರಾದರೂ ನುಗ್ಗಿದರೆ ನುಗ್ಗಲಿ.

ಗ್ರೀಸ್‌ಕೈ

ಆ ಕ್ರಾಸ್ ಮುಂದೂಡಬೇಡಿ. ಬದಲಿಸಲು ಶಾಫ್ಟ್ ಬಿಚ್ಚುವ ಮುಂಚೆ ಎರಡೂ ಬದಿಗೆ ಗುರುತು ಹಾಕಿಸಿ, ಮತ್ತೆ ಅದೇ ಗುರುತಿಗೆ ಕೂರಿಸಬೇಕು. ತಪ್ಪಾಗಿ ಕೂತರೆ ಈಗ ಇಲ್ಲದ ನಡುಕ ವೇಗದಲ್ಲಿ ಶುರುವಾಗುತ್ತದೆ. ಕೆಲಸ ಮುಗಿದ ಮೇಲೆ ಹೇಗಾಯಿತು ಅಂತ ಇಲ್ಲೇ ಬರೆಯಿರಿ.